ಡೋಪಮಿನ್ ಜಾಲ, ಇಎಸ್‌ಪಿ32 ಬೋರ್ಡಿನ ಮೇಲೆ: ಕುರುಹಿನ ಕೆಲಸ ಎಲ್ಲಿಗೆ ಬಂತು

ಬಹುಮಾನ ಸೆಕೆಂಡುಗಟ್ಟಲೆ ತಡವಾಗಿ ಬಂದರೂ, ಅದನ್ನು ತಂದುಕೊಟ್ಟ ಸಿನಾಪ್ಸ್ (ಎರಡು ನರಕೋಶಗಳ ನಡುವಿನ ಕೊಂಡಿ) ಯಾವುದು ಅಂತ ಮಿದುಳಿಗೆ ಗೊತ್ತಾಗೋದು ಹೇಗೆ? ನರವಿಜ್ಞಾನಿ ಯೂಜೀನ್ ಇಝಿಕೆವಿಚ್ ಅವರ 2007ರ ಮಾದರಿಯಲ್ಲಿ ಉತ್ತರ ಸರಳವಾಗಿದೆ: ಎರಡು ನರಕೋಶ ಒಂದರ ಹಿಂದೊಂದು ಮಿಡಿದರೆ ನಡುವಿನ ಸಿನಾಪ್ಸ್‌ನಲ್ಲಿ ಕುರುಹು ಉಳಿಯುತ್ತದೆ. ಅದು ಅಳಿಯುವ ಮೊದಲು, ಬಹುಮಾನದ ಸುಳಿವು ಹೊರುವ ರಾಸಾಯನಿಕ ಡೋಪಮಿನ್ ಬಂದರೆ ಆ ಸಿನಾಪ್ಸ್‌ನ ತೂಕ, ಅಂದರೆ ಬಲ, ಬದಲಾಗುತ್ತದೆ. ಜೀವಂತ ಕೋಶದಲ್ಲೂ ಇಂಥದ್ದು ಕಂಡಿದೆ. 2014ರಲ್ಲಿ ಇಲಿಯ ಮಿದುಳಿನ ತೆಳು ಪದರಗಳಲ್ಲಿ, ನರಕೋಶವನ್ನು ಕೆರಳಿಸುವ ಗ್ಲುಟಮೇಟ್ ತಾಗಿದ 0.3ರಿಂದ 2 ಸೆಕೆಂಡಿನೊಳಗೆ ಡೋಪಮಿನ್ ಬಂದಾಗಲೇ ಸಿನಾಪ್ಸ್ ಕೂರುವ ಮುಳ್ಳಿನಂಥ ಪುಟ್ಟ ಚಾಚು ಚೆನ್ನಾಗಿ ದಪ್ಪಗಾಯಿತು.

ಈ ಮಾದರಿಯನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನಲ್ಲಿ ಓಡಿಸುವುದು ನಮ್ಮ ಕೆಲಸ. ಮೂಲ ಮಾದರಿಯಲ್ಲಿ 1000 ನರಕೋಶ, ತಲಾ 100 ಸಿನಾಪ್ಸ್. ತೂಕ, ಕುರುಹು ಎರಡನ್ನೂ ಫ್ಲೋಟ್‌ನಲ್ಲಿ (4 ಬೈಟಿನ ದಶಮಾಂಶ ಸಂಖ್ಯೆ) ಇಟ್ಟರೆ 800 ಕೆಬಿ ಮೆಮೊರಿ ಬೇಕು. ಚಿಪ್‌ನಲ್ಲಿರೋದು 520 ಕೆಬಿ. ಕುರುಹನ್ನು 8 ಬಿಟ್‌ಗೆ ಇಳಿಸಿದರೆ ಜಾಗ ಉಳಿಯುತ್ತದೆ, ಆದರೆ ಕಲಿಕೆ ಕೆಡುತ್ತದೆ. ಕುರುಹು 10 ಮಿಲಿಸೆಕೆಂಡಿಗೊಮ್ಮೆ 0.99ರಿಂದ ಗುಣಿಸಿ ಇಳಿಯಬೇಕು. ಬೆಲೆ 40 ಇದ್ದರೆ 39.6 ಬರುತ್ತದೆ, ರೌಂಡ್ ಮಾಡಿದರೆ ಮತ್ತೆ 40, ಅಂದರೆ ಎಂದಿಗೂ ಅಳಿಯೋದಿಲ್ಲ. ದಶಮಾಂಶ ಕತ್ತರಿಸಿದರೆ ಪ್ರತಿ ಸಲ ಒಂದೊಂದು ಇಳಿದು 0.4 ಸೆಕೆಂಡಿಗೆ ಸೊನ್ನೆ. ಬಹುಮಾನ ಬರೋದು 1ರಿಂದ 3 ಸೆಕೆಂಡಿನ ಮೇಲೆ! ಮೊದಲನೆಯದರಲ್ಲಿ ಎಲ್ಲ ಸಿನಾಪ್ಸ್‌ಗೂ ಬಹುಮಾನ, ಎರಡನೆಯದರಲ್ಲಿ ಯಾವುದಕ್ಕೂ ಇಲ್ಲ.

ಹಾಗಾಗಿ ಜಾಲವನ್ನೇ ಚಿಕ್ಕದು ಮಾಡಿ ಫ್ಲೋಟ್ ಉಳಿಸಿಕೊಂಡೆವು: 320 ಉತ್ತೇಜಕ, 80 ನಿರೋಧಕ ನರಕೋಶ, ತಲಾ 50 ಸಿನಾಪ್ಸ್. ಕಲಿಯುವ 16,000 ಸಿನಾಪ್ಸ್‌ಗೆ ತೂಕ 64 ಕೆಬಿ, ಕುರುಹು 64 ಕೆಬಿ. ಯಾವ ಸಿನಾಪ್ಸ್ ಯಾವ ನರಕೋಶಕ್ಕೆ ಎನ್ನುವ ವಿಳಾಸಪಟ್ಟಿ, ಎಲ್ಲ 20,000 ಸಿನಾಪ್ಸ್‌ಗೂ ಸೇರಿ, 40 ಕೆಬಿ. ಮೂರನ್ನೂ ಬೇರೆ ಬೇರೆ ಮೆಮೊರಿ ತುಂಡಾಗಿ ಕೇಳಬೇಕು, ಅಷ್ಟು ದೊಡ್ಡ ಒಂದೇ ತುಂಡು ಸಿಗೋದಿಲ್ಲ. ಸಂಪರ್ಕ ಅರ್ಧವಾದ್ದರಿಂದ ಗರಿಷ್ಠ ತೂಕ 4 ಇದ್ದದ್ದು 8 ಮಿಲಿವೋಲ್ಟ್.

ಕೋಡಿನಲ್ಲಿ 0.04ರಂಥ ಸಂಖ್ಯೆಯ ಕೊನೆಗೆ ಎಫ್ ಹಚ್ಚಲೇಬೇಕು. ಇಲ್ಲದಿದ್ದರೆ ಅದು ಡಬಲ್ (8 ಬೈಟಿನ ಸಂಖ್ಯೆ) ಆಗುತ್ತದೆ. ಈ ಚಿಪ್‌ಗೆ ಡಬಲ್ ಲೆಕ್ಕ ಹಾರ್ಡ್‌ವೇರಿನಲ್ಲಿ ಇಲ್ಲ, ವೇಗ ಕುಸಿಯುತ್ತದೆ. ಎಲ್ಲ ಕುರುಹುಗಳನ್ನೂ ಒಂದೇ ಮಿಲಿಸೆಕೆಂಡಿನಲ್ಲಿ ಇಳಿಸಲೂಬಾರದು, ಪ್ರತಿ ಮಿಲಿಸೆಕೆಂಡಿಗೆ 1,600ರಂತೆ ಹಂಚಬೇಕು.

ಕಲಬುರಗಿಯ ಬೇಸಿಗೆಯಲ್ಲಿ ಕರೆಂಟ್ ಹೋದರೆ ಕಲಿತ ತೂಕವೆಲ್ಲ ಹೋದಂತೆಯೇ. ಅದಕ್ಕೆ 10 ನಿಮಿಷಕ್ಕೊಮ್ಮೆ ಫ್ಲ್ಯಾಶ್‌ಗೆ (ಕರೆಂಟ್ ಹೋದರೂ ಉಳಿಯುವ ಮೆಮೊರಿ) ಬರೆಯುತ್ತಿದ್ದೇವೆ. ಅದರ ಒಂದೊಂದು ತುಂಡು (ಸೆಕ್ಟರ್) ಅಳಿಸಲು ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ, ಅಷ್ಟು ಹೊತ್ತು ಜಾಲ ನಿಲ್ಲಿಸಲೇಬೇಕು.

ಈಗ ಆಯ್ದ ಸಿನಾಪ್ಸ್‌ನ ತೂಕ ಏರುತ್ತಿದೆ. ಅಷ್ಟಕ್ಕೇ ಕಲಿಕೆ ಎನ್ನಲಾಗದು. ಮಿಡಿತಕ್ಕೆ ಸಂಬಂಧವೇ ಇಲ್ಲದ ಹೊತ್ತಿನಲ್ಲಿ, ಅಷ್ಟೇ ಸಲ ಡೋಪಮಿನ್ ಕೊಟ್ಟು ನೋಡುವುದು ಮುಂದಿನ ಕೆಲಸ. ಆಗಲೂ ಏರಿದರೆ ತಪ್ಪು ಕೋಡಿನಲ್ಲಿದೆ.