ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗಂಟೆ

ಮಸ್ಕತ್ತಿಗೆ ವಿಮಾನ ಇದ್ದದ್ದು ಬೆಂಗಳೂರಿನಿಂದ, ಅದೂ ರಾತ್ರಿ. ಆದರೂ ಬೆಳಿಗ್ಗೆ ಒಂಬತ್ತಕ್ಕೇ ಮಡಿಕೇರಿ ಬಸ್‌ಸ್ಟ್ಯಾಂಡಿಗೆ ಬಂದು ಕೂತಿದ್ದೆ. ಕೊಡಗಿಗೆ ರೈಲಿಲ್ಲ, ರಸ್ತೆ ಕೈಕೊಟ್ಟರೆ ಮುಗಿಯಿತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಂಗಳೂರು ರಸ್ತೆ ವಾರಗಟ್ಟಲೆ ಮುಚ್ಚಿತ್ತಲ್ಲ, ಅಂದಿನಿಂದ ನಮ್ಮ ಮನೆಯಲ್ಲಿ ಯಾರೇ ಹೊರಟರೂ ಬೇಗ ಹೊರಡಿಸಿಬಿಡುತ್ತಾರೆ, ಈ ಫೆಬ್ರವರಿಯ ಬಿಸಿಲಲ್ಲೂ. ಕಳಿಸಿಕೊಡಲು ಬಂದದ್ದು ಚಿಕ್ಕಮ್ಮ ಒಬ್ಬರೇ. ರೊಬಸ್ಟಾ ಕೊಯ್ಲು ಮುಗಿದಿರಲಿಲ್ಲ, ಕಣದಲ್ಲಿ ಹರವಿದ ಕಾಫಿ ಬಿಟ್ಟು ಚಿಕ್ಕಪ್ಪನಿಗೆ ಬರಲಾಗಲಿಲ್ಲ.

ಟೀ ಕುಡಿಯಲು ಹೋದೆ. ಪಕ್ಕದಲ್ಲಿ ನಿಂತಿದ್ದ ಹುಡುಗ, "ಅಣ್ಣ, ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ" ಅಂದ. ಕನ್ನಡ ಸಲೀಸಾಗಿಯೇ ಇತ್ತು, ರಾಗ ಮಾತ್ರ ಬೇರೆ. ಸ್ಕ್ಯಾನ್ ಮಾಡಲು ಫೋನು ಎತ್ತಿದಾಗ ಬೆರಳು ಕಂಡವು, ಉಗುರಿನ ಬುಡದವರೆಗೂ ಕಪ್ಪು. ಕಾಫಿ ಹಣ್ಣು ಕೊಯ್ದ ಕೈಗೆ ಹತ್ತುವ ಕರೆ ಅದು, ಸೋಪಿಗೆ ಜಗ್ಗುವುದಿಲ್ಲ. ನಾನು ಚಿಕ್ಕವನಿದ್ದಾಗ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಬಂದು ತೋಟದ ಕೆಲಸದವರಿಗೆಂದು ಇದ್ದ ನಮ್ಮ ಲೈನ್‌ಮನೆಯಲ್ಲಿ ಇರುತ್ತಿದ್ದವರ ಕೈಗಳೂ ಹೀಗೇ ಇರುತ್ತಿದ್ದವು. ಇವನು ಅಸ್ಸಾಮಿನವನು. ಊರಿಗೆ ಯಾವಾಗ ಅಂತ ಕೇಳಿದೆ. "ಏಪ್ರಿಲ್, ಬಿಹುಗೆ. ಟ್ರೈನಲ್ಲೇ ಮೂರು ದಿನ ಸರ್" ಅಂದ. ಅಷ್ಟರಲ್ಲೇ, ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಅವನು ಎಣಿಸುತ್ತಿರುವುದು ನನಗೆ ಗೊತ್ತಾಯಿತು. ಮಸ್ಕತ್ತಿನ ರೂಮಿನಲ್ಲಿ ನಾನೂ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಹಾಗೇ ಎಣಿಸುತ್ತೇನೆ.

ತಿರುಗಿ ಬಂದರೆ ಚಿಕ್ಕಮ್ಮ ಪರ್ಸಿನಿಂದ ಆಧಾರ್ ತೆಗೆದು ಕೈಯಲ್ಲಿ ಹಿಡಿದಿದ್ದರು. ಕುಶಾಲನಗರದಲ್ಲಿ ಮಗಳ ಮನೆಗೆ ಹೊರಟಿದ್ದರು. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಅದಕ್ಕೆ ಈಗಲೂ ದುಡ್ಡು ಕೊಡಲೇಬೇಕು. ಮಡಿಕೇರಿಯಿಂದ ಮುಂದಕ್ಕೆ ಸರ್ಕಾರಿ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಅದರಲ್ಲಿ ಹೆಂಗಸರಿಗೆ ಟಿಕೆಟ್ಟಿನ ಮೇಲೆ ಸೊನ್ನೆ ರೂಪಾಯಿ.

"ಮೊದಲು ಅವಳನ್ನ ನೋಡ್ಬೇಕು ಅನ್ಸಿದ್ರೆ ನಿನ್ನ ಚಿಕ್ಕಪ್ಪನ ಮುಖ ನೋಡ್ಬೇಕಿತ್ತು ಮಗ," ಅಂದರು. "ಈಗ ಅಡಿಗೆ ಮಾಡಿಟ್ಟು ಹೊರಟೇಬಿಡ್ತೀನಿ."

ಶಕ್ತಿಯ ಖರ್ಚಿನ ಬಗ್ಗೆ ವಾದಗಳನ್ನು ಮಸ್ಕತ್ತಿನಲ್ಲಿ ಕೂತು ಬೇಕಾದಷ್ಟು ಕೇಳಿದ್ದೇನೆ. ಚಿಕ್ಕಮ್ಮ ಒಬ್ಬರೇ ಎಲ್ಲಿಗಾದರೂ ಹೋದದ್ದನ್ನು ನಾನು ನೋಡಿರಲೇ ಇಲ್ಲ. ಆ ಬಸ್‌ಸ್ಟ್ಯಾಂಡಿನ ಬೆಂಚುಗಳಲ್ಲಿ ಅವರ ವಯಸ್ಸಿನ ಹೆಂಗಸರು ಹತ್ತಾರು ಮಂದಿ, ಜೊತೆಗೆ ಗಂಡಸರಿಲ್ಲದೆ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಮಟ್ಟಿಗೆ ಆ ಹಣ ಸರಿಯಾದ ಜಾಗಕ್ಕೇ ಹೋಗಿದೆ.

ನನ್ನ ಬಸ್ಸಿಗಿಂತ ಮೊದಲು ಅವರ ಬಸ್ಸೇ ಬಂತು. ನೂಕುನುಗ್ಗಲಿನಲ್ಲೂ ಕಿಟಕಿ ಪಕ್ಕದ ಸೀಟು ಹಿಡಿದರು. "ತಲುಪಿದ ತಕ್ಷಣ ಫೋನ್ ಮಾಡಿ ಚಿಕ್ಕಮ್ಮ" ಅಂದೆ. 12 ವರ್ಷದಿಂದ ಇದೇ ಜಾಗದಲ್ಲಿ ನಿಂತು ಅವರು ನನಗೆ ಹೇಳುತ್ತಿದ್ದ ಮಾತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಾ ನಿಂತೆ. ನನ್ನದು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.