ಮಾರ್ವಾ ರಾಗಕ್ಕೊಂದು ಲಿನೊಕಟ್ ಪೋಸ್ಟರ್: ತೂಕ ಎಲ್ಲಿ ಬೀಳಬೇಕು

ಪೋಸ್ಟರಿನಲ್ಲಿ ತಂಬೂರಿಯ ಚಿತ್ರವಿದ್ದರೆ ಅದು ಸಂಗೀತ ಕಾರ್ಯಕ್ರಮ ಎಂದು ಗೊತ್ತಾಗುತ್ತದೆ. ಯಾವ ರಾಗ, ಎಂಥ ಭಾವ ಎಂಬುದು ಗೊತ್ತಾಗುವುದಿಲ್ಲ. ಜ್ಯೂರಿಕ್‌ನ ಟೋನ್‌ಹಾಲೆ ಸಭಾಂಗಣಕ್ಕಾಗಿ ಸ್ವಿಸ್ ವಿನ್ಯಾಸಕ ಯೋಸೆಫ್ ಮ್ಯೂಲರ್-ಬ್ರಾಕ್‌ಮನ್ 1955ರಲ್ಲಿ ಮಾಡಿದ ಬೀಥೋವನ್ ಪೋಸ್ಟರಿನಲ್ಲಿ ವಾದ್ಯವೂ ಇಲ್ಲ, ಮುಖವೂ ಇಲ್ಲ. ಹಂತಹಂತವಾಗಿ ದಪ್ಪ ಇಮ್ಮಡಿಯಾಗುವ ಕಮಾನುಗಳಷ್ಟೇ. ಅಳತೆಯಿಂದ ಭಾವ ಹುಟ್ಟಿಸುವ ಈ ದಾರಿ ನಮ್ಮ ರಾಗಗಳಿಗೂ ಒಗ್ಗುತ್ತದೆ. ಹಿಂದೂಸ್ತಾನಿಯ ಸಂಜೆಯ ರಾಗ ಮಾರ್ವಾವನ್ನು ಲಿನೊಕಟ್‌ನಲ್ಲಿ, ಅಂದರೆ ಲಿನೋಲಿಯಂ ಹಲಗೆ ಕೆತ್ತಿ ಇಂಕ್ ಹಚ್ಚಿ ಮುದ್ರಿಸುವ ವಿಧಾನದಲ್ಲಿ, ಹೀಗೆ ಮಾಡಿ ನೋಡೋಣ.

ಎ3 ಕಾಗದ, 24 x 36 ಸೆಂ.ಮೀ. ಲಿನೊ ಬ್ಲಾಕ್ ತೆಗೆದುಕೊಳ್ಳಿ. 36 ಸೆಂ.ಮೀ. ಎತ್ತರವನ್ನು ಹನ್ನೆರಡು ಸ್ವರಸ್ಥಾನಗಳಿಗೆ ಹಂಚಿದರೆ ಒಂದಕ್ಕೆ 3 ಸೆಂ.ಮೀ. (ಹಾಡುವಾಗ ಶ್ರುತಿ ಹೀಗೆ ಸಮನಾಗಿ ಕೂರುವುದಿಲ್ಲ, ಕಾಗದಕ್ಕೆ ಇಷ್ಟು ಸಾಕು.) ಕೆಳಗಿನಿಂದ ಅಳೆದರೆ ಮಾರ್ವಾದ ಕೋಮಲ ರಿಷಭ 3, ಗಾಂಧಾರ 12, ತೀವ್ರ ಮಧ್ಯಮ 18, ಧೈವತ 27, ನಿಷಾದ 33ರಲ್ಲಿ ಬರುತ್ತವೆ. ಪಂಚಮ ವರ್ಜ್ಯ (ಈ ರಾಗದಲ್ಲಿ ಬರುವುದೇ ಇಲ್ಲ), ಆದ್ದರಿಂದ 21ರಲ್ಲಿ ಏನೂ ಇಲ್ಲ. ಷಡ್ಜಕ್ಕೆ ಗೆರೆ ಬೇಡ, ಬ್ಲಾಕಿನ ಅಂಚೇ ಷಡ್ಜ. ಮಾರ್ವಾದಲ್ಲಿ ಗಾಯಕರು ಷಡ್ಜವನ್ನು ತಡೆಹಿಡಿದು, ಕೇಳುಗರನ್ನು ಕಾಯಿಸುತ್ತಾರಲ್ಲ, ಆ ಚಡಪಡಿಕೆ ಅಂಚಿಗೆ ಹತ್ತಿರ ಬಂದರೂ ಮುಟ್ಟದ ರಿಷಭದ ಪಟ್ಟಿಯಲ್ಲಿ ಕಾಣಿಸುತ್ತದೆ. ಭೂಪಾಲಿ ರಾಗವನ್ನು ಇದೇ ಅಳತೆಯಲ್ಲಿ ಹಾಕಿದರೆ 6 ಸೆಂ.ಮೀ.ಗಿಂತ ಕಡಿಮೆ ಅಂತರವೇ ಬರುವುದಿಲ್ಲ. ಅದರ ಸಮಾಧಾನ ಅಲ್ಲೇ ಇದೆ.

ಆದರೆ ಪೂರಿಯಾ, ಸೋಹನಿಗಳಿಗೂ ಇವೇ ಸ್ವರಗಳು. ಸ್ಥಾನ ಮಾತ್ರ ನೋಡಿದರೆ ಮೂರು ರಾಗಗಳ ಪೋಸ್ಟರೂ ಒಂದೇ ಆಗಿಬಿಡುತ್ತವೆ. ಬೇರೆ ಮಾಡುವುದು ತೂಕ. ಮಾರ್ವಾದ ವಾದಿ (ಮುಖ್ಯ ಸ್ವರ) ರಿಷಭ, ಸಂವಾದಿ (ಎರಡನೇ ಮುಖ್ಯ ಸ್ವರ) ಧೈವತ; ಅವೆರಡಕ್ಕೆ 20 ಮಿ.ಮೀ. ದಪ್ಪದ ಪಟ್ಟಿ, ಉಳಿದವಕ್ಕೆ 8. ಪೂರಿಯಾ ಆದರೆ ತೂಕ ಗಾಂಧಾರ, ನಿಷಾದಗಳಿಗೆ ಹೋಗಬೇಕು.

ಲಯ ಎಡದಿಂದ ಬಲಕ್ಕೆ ಸಾಗಲಿ. ಪ್ರತಿ ಪಟ್ಟಿಯನ್ನೂ 96, 48, 24, 12, 6 ಮಿ.ಮೀ. ತುಂಡುಗಳಾಗಿಸಿ, ನಡುವಿನ ಅಂತರ 24, 15, 9, 6 ಇಡಿ. ಒಟ್ಟು 240 ಆಗುತ್ತದೆ. ಸಂದಿ ತೀರಾ ಕಿರಿದಾದರೆ ಇಂಕ್ ತುಂಬಿಕೊಂಡು ದ್ರುತ್ (ವೇಗದ) ಭಾಗ ಮುದ್ದೆಯಾಗುತ್ತದೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಬ್ಲಾಕಿನ ಮೇಲೆ ಉದ್ದದ ತುಂಡು ಬಲಕ್ಕಿರಬೇಕು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬೇಕಾದ ಕಡೆ ಪಟ್ಟಿಯ ಅಂಚನ್ನು ಸ್ಕೇಲ್ ಇಟ್ಟು ಕತ್ತರಿಸಬೇಡಿ. ವಿ-ಉಳಿಯ ಹಿಡಿಯನ್ನು ತಗ್ಗಿಸುತ್ತಾ ಮುಂದಕ್ಕೆ ತಳ್ಳಿದರೆ ಗೆರೆ ತಾನಾಗಿ ಸಣ್ಣಗಾಗಿ ಕರಗುತ್ತದೆ.

ಒಂದೇ ಬ್ಲಾಕನ್ನು ಹಂತಹಂತವಾಗಿ ಕೆತ್ತುತ್ತಾ ಮೂರು ಬಣ್ಣ ಮುದ್ರಿಸುವುದು ಇಲ್ಲಿ ಸರಿಹೊಂದುತ್ತದೆ. ಮೊದಲು ಕೆತ್ತದ ಬ್ಲಾಕಿನಿಂದ ತಿಳಿ ಕಾವಿ: ಒಂದು ಭಾಗ ಬಣ್ಣಕ್ಕೆ, ಅದನ್ನು ತಿಳಿಯಾಗಿಸುವ ಮೂರು ಭಾಗ ಟ್ರಾನ್ಸ್‌ಪರೆಂಟ್ ಬೇಸ್. ನಂತರ ಹಿನ್ನೆಲೆ ತೆಗೆದು ಇಟ್ಟಿಗೆಗೆಂಪು. ಕೊನೆಗೆ ಗಾಂಧಾರ, ಮಧ್ಯಮ, ನಿಷಾದಗಳನ್ನೂ ಕೆತ್ತಿ ತೆಗೆದರೆ ಉಳಿಯುವುದು ರಿಷಭ, ಧೈವತ, ಅವಕ್ಕೆ ಕಡುನೀಲಿ. ಮುಳುಗುವ ಸೂರ್ಯನನ್ನು ಬಿಡಿಸುವ ಆಸೆಯನ್ನು ದಯವಿಟ್ಟು ಬಿಡಿ, ಸಂಜೆಯ ಕೆಲಸವನ್ನು ಈ ಮೂರು ಬಣ್ಣಗಳೇ ಮಾಡುತ್ತವೆ.

ಕೆಡುವುದು ಹೆಚ್ಚಾಗಿ ಇಂಕಿನಲ್ಲಿ. ಗಾಜಿನ ಮೇಲೆ ರೋಲರ್ ಸಣ್ಣಗೆ ಸರಸರ ಎನ್ನಬೇಕು. ಪಚಪಚ ಎಂದರೆ ಇಂಕ್ ಜಾಸ್ತಿ. ಮೊದಲ ಪದರ ದಪ್ಪವಾದರೆ ಹೊಳಪುಗಟ್ಟಿ ಮುಂದಿನ ಬಣ್ಣವನ್ನು ಹಿಡಿಯುವುದಿಲ್ಲ. ಅಚ್ಚಿನಲ್ಲಿ ಉಪ್ಪು ಚೆಲ್ಲಿದಂಥ ಬಿಳಿ ಚುಕ್ಕಿ ಕಂಡರೆ ಇಂಕ್ ಅಥವಾ ಒತ್ತಡ ಸಾಲದು ಎಂದರ್ಥ. ಮೂರನೇ ಬಣ್ಣದ ಹೊತ್ತಿಗೆ ಬ್ಲಾಕಿನ ಬಹುಭಾಗ ಖಾಲಿ ಇರುವುದರಿಂದ ರೋಲರ್ ತಗ್ಗಿಗೆ ಬಾಗಿ ಉಳಿಯ ಏಣುಗಳಿಗೂ ಇಂಕ್ ಮೆತ್ತುತ್ತದೆ. ಆ ಗೀರುಗಳು ಪಂಚಮದ ಜಾಗಕ್ಕೆ ಬಿದ್ದರೆ ಮೌನವೇ ಹಾಳು. ಪಟ್ಟಿಗಳಷ್ಟೇ ಕಾಣುವಂತೆ ಕಿಂಡಿ ಕತ್ತರಿಸಿದ ನ್ಯೂಸ್‌ಪ್ರಿಂಟ್ ಹೊದಿಸಿ ಮುದ್ರಿಸಿ.

ಮಳೆಗಾಲದಲ್ಲಿ ಎಣ್ಣೆ ಇಂಕ್ ನಿಧಾನ ಒಣಗುತ್ತದೆ, ಕಾಗದವೂ ಹಿಗ್ಗುತ್ತದೆ. ಕಾಗದವನ್ನು ಹಿಂದಿನ ದಿನವೇ ಕೆಲಸದ ಕೋಣೆಯಲ್ಲಿ ಹರಡಿಡಿ, ಮೂರೂ ಬಣ್ಣವನ್ನು ಒಣ ಕಾಗದದ ಮೇಲೇ ಮುದ್ರಿಸಿ. ಕೆತ್ತಿದ ಮೇಲೆ ಹಿಂದಿನ ಬಣ್ಣಕ್ಕೆ ಮರಳಲಾಗದು. 40 ಪೋಸ್ಟರ್ ಬೇಕಿದ್ದರೆ 50 ಹಾಳೆಯಿಂದ ಶುರುಮಾಡಿ.