ದಪ್ಪ ತಟ್ಟೆ, ತೆಳು ಪತ್ರಾ, ಮನೆಯ ಕರೆಂಟು

ರೇಸಿಗೆ ಕಾರು ಕಟ್ಟಲು ಹೊರಟವರು ವೆಲ್ಡಿಂಗ್ ಯಂತ್ರದ ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ಆಂಪಿಯರಿನದು ಎಂದು. ನಾನು ಕಲಬುರಗಿಯಲ್ಲಿ ಒಂದು ಶನಿವಾರವಿಡೀ ಅಂಗಡಿ ಮತ್ತು ವರ್ಕ್‌ಶಾಪುಗಳನ್ನು ಸುತ್ತಿದ್ದು ಬೇರೊಂದು ಪ್ರಶ್ನೆಯನ್ನು ಇಟ್ಟುಕೊಂಡು. 3 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆಯನ್ನು ಒಂದು ಮಿಲಿಮೀಟರಿಗಿಂತ ತೆಳುವಾದ ಪತ್ರಾದ, ಅಂದರೆ ಕಾರಿನ ಮೈಯ ತಗಡಿನ, ಮೇಲೆ ಕೂಡಿಸಬೇಕು, ಪತ್ರಾ ಸುಟ್ಟು ತೂತಾಗಬಾರದು, ಯಂತ್ರ ನಮ್ಮ ಮನೆಯ ಕರೆಂಟಿನಲ್ಲಿ ನಡೆಯಬೇಕು, ಎಲ್ಲ ಸೇರಿ ಖರ್ಚು 45 ಸಾವಿರ ರೂಪಾಯಿ ದಾಟಬಾರದು. ಅಂಥ ಯಂತ್ರ ಯಾವುದು?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮಾವನವರ ಹಳೆಯ ಮಾರುತಿ 800ರಿಂದ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಮುಂದಿನ ಚಕ್ರಗಳಿಗೆ ಹೋಗುವ ಶಕ್ತಿ, ಹಗುರವಾದ ಮೈ. 1983ರ ಕೊನೆಯಿಂದ 2014ರ ಆರಂಭದವರೆಗೆ ತಯಾರಾದ ಕಾರಾದ್ದರಿಂದ ಬಿಡಿಭಾಗಗಳಿಗೂ ಬರವಿಲ್ಲ. ಗುಜರಿಗೆ ಹೋಗಬೇಕಿದ್ದ ಅದನ್ನು ಸೀಟು, ಬಾಗಿಲಿನ ಒಳಮೈ, ಕೆಳಗಿನ ಟಾರು ಎಲ್ಲ ಕಿತ್ತು ಚಿಕ್ಕ ಹಾದಿಯಲ್ಲಿ ಸಮಯದ ಲೆಕ್ಕಕ್ಕೆ ಓಡಿಸುವ ಆಟೊಕ್ರಾಸ್ ಪಂದ್ಯಕ್ಕೆ ಸಿದ್ಧಮಾಡುವುದು ನನ್ನ ಉದ್ದೇಶವಾಗಿತ್ತು. ಹಾಗೆ ಬದಲಿಸಿದ ಕಾರನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ, ಟ್ರೇಲರಿನಲ್ಲೇ ಒಯ್ಯಬೇಕು. ಒಳಗೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಚಾಲಕನನ್ನು ಕಾಯುವ ಪೈಪಿನ ಪಂಜರವೂ ಇರಬೇಕು.

ಪಂಜರದ ವಿಷಯದಲ್ಲಿ ನಾನು ಹಿಡಿದದ್ದು ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎಯ ನಿಯಮಗಳನ್ನು. ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ಗೋಡೆಯ, ಇಲ್ಲವೇ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ಗೋಡೆಯ, ಜೋಡಣೆಯ ಗೆರೆಯಿಲ್ಲದ ಕೋಲ್ಡ್ ಡ್ರಾನ್, ಅಂದರೆ ಕಾಯಿಸದೆ ಎಳೆದು ತಯಾರಿಸಿದ, ಉಕ್ಕಿನ ಪೈಪು ಬೇಕೆಂದು ಅದು ಹೇಳುತ್ತದೆ. ಉಕ್ಕು ಹರಿಯದೆ ತಾಳಬೇಕಾದ ಕನಿಷ್ಠ ಎಳೆತ (ಕರ್ಷಣ ಬಲ) ಚದರ ಮಿಲಿಮೀಟರಿಗೆ 350 ನ್ಯೂಟನ್. ಕಮಾನಿನ ಕಾಲುಗಳು ಕಾರಿನ ಮೈಯನ್ನು ಮುಟ್ಟುವಲ್ಲಿ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂಟಿಮೀಟರ್ ವಿಸ್ತಾರದ ತಟ್ಟೆಯನ್ನು ಮೈಗೆ ಬೆಸೆಯಬೇಕು. ಬೆಸುಗೆ ಪೈಪಿನ ಸುತ್ತಳತೆಯ ಉದ್ದಕ್ಕೂ ಇರಬೇಕು, ಪೂರ್ತಿ ಆಳಕ್ಕೆ ಇಳಿದಿರಬೇಕು, ಗಾಳಿ ತಾಗದಂತೆ ಅನಿಲದ ರಕ್ಷಣೆಯಲ್ಲಿ ಮಾಡಿದ್ದಾದರೆ ಲೇಸು ಎಂಬ ಮಾತೂ ಅದರಲ್ಲಿದೆ. ಯಂತ್ರವನ್ನು ಆರಿಸಲು ನನಗೆ ಅಂಗಡಿಯ ಯಾವ ಚೀಟಿಗಿಂತಲೂ ಈ ಅಂಕಿಗಳೇ ಹೆಚ್ಚು ನೆರವಾದವು, ಏಕೆಂದರೆ ಇಡೀ ಕಾರಿನಲ್ಲಿ ನಾನು ಬೆಸೆಯಬೇಕಾದ ಅತ್ಯಂತ ದಪ್ಪ ವಸ್ತು 3 ಮಿ.ಮೀ. ಮಾತ್ರ ಎಂಬುದು ಅಲ್ಲಿಗೆ ಖಚಿತವಾಯಿತು. ಪೈಪಿನ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ನಲ್ಲಿಗೆ ಹಾಕುವ ಜಿಐ ಪೈಪು ಅಗ್ಗವಾಗಿ ಎಲ್ಲೆಡೆ ಸಿಗುತ್ತದೆಂದು ಪಂಜರಕ್ಕೆ ಬಳಸುವ ಯೋಚನೆಯನ್ನೇ ಮಾಡಬಾರದು. ಅದು ಆ ಕೆಲಸಕ್ಕೆ ತಯಾರಾದ ಉಕ್ಕಲ್ಲ. ಮೇಲಾಗಿ ಅದರ ಸತುವಿನ ಲೇಪ ಸುಟ್ಟು ಏಳುವ ಹೊಗೆ ಕುಡಿದವರು ರಾತ್ರಿ ಚಳಿಜ್ವರ ಬಂದು ಮಲಗುತ್ತಾರೆ.

ಅಂಗಡಿಗೆ ಹೋಗುವ ಮೊದಲು ಕರೆಂಟಿನ ಲೆಕ್ಕ ಹಾಕಿಕೊಂಡಿದ್ದೆ. ಉಕ್ಕಿನ ದಪ್ಪ ಇಂಚಿನ ಸಾವಿರದಲ್ಲೊಂದು ಭಾಗ ಹೆಚ್ಚಿದಂತೆಲ್ಲ ಒಂದು ಆಂಪಿಯರ್ ಹೆಚ್ಚು ಬೇಕೆಂಬುದು ವೆಲ್ಡರುಗಳು ಬಳಸುವ ಒರಟು ಅಳತೆ, ಅದರಂತೆ 2.5 ಮಿ.ಮೀ. ಪೈಪಿಗೆ ಸುಮಾರು 100, 3 ಮಿ.ಮೀ. ತಟ್ಟೆಗೆ ಸುಮಾರು 120 ಆಂಪಿಯರ್ ಸಾಕು. ಆದರೆ ಯಂತ್ರಗಳು ಮೂರು ಬಗೆ: ಲೇಪವಿರುವ ಕಡ್ಡಿಯನ್ನೇ ಕರಗಿಸುವ ಆರ್ಕ್, ಸುರುಳಿಯಿಂದ ತಾನಾಗಿ ಬರುವ ತಂತಿಯನ್ನು ಕರಗಿಸುವ ಮಿಗ್, ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಕಿಡಿ ಎಬ್ಬಿಸಿ ಇನ್ನೊಂದು ಕೈಯಿಂದ ತಂತಿ ಉಣಿಸುವ ಟಿಗ್. ಅದೇ ಆಂಪಿಯರಿಗೆ ಈ ಮೂರೂ ಎಳೆಯುವ ವಿದ್ಯುತ್ತು ಒಂದೇ ಅಲ್ಲ. 110 ಆಂಪಿಯರಿನಲ್ಲಿ ಕಡ್ಡಿಯ ಆರ್ಕ್ ವೆಲ್ಡಿಂಗಿನ ಕಿಡಿಗೆ ಅಂದಾಜು 24 ವೋಲ್ಟ್ ಬೇಕಾದರೆ ತಂತಿಯ ಮಿಗ್‌ಗೆ 19ರಿಂದ 20, ಟಿಗ್‌ಗೆ 14ರ ಆಸುಪಾಸು ಸಾಕಾಗುತ್ತದೆ. ಎಂದರೆ ಕಿಡಿಗೆ ಬೇಕಾಗುವ ಶಕ್ತಿ ಕ್ರಮವಾಗಿ 2.7, 2.1 ಮತ್ತು 1.6 ಕಿಲೋವ್ಯಾಟ್. ಯಂತ್ರದೊಳಗಿನ ನಷ್ಟ ಮತ್ತು ಪವರ್ ಫ್ಯಾಕ್ಟರ್ (ಎಳೆದ ಕರೆಂಟೆಲ್ಲ ಕೆಲಸಕ್ಕೆ ಬಾರದ ಲೆಕ್ಕ) ಸೇರಿಸಿದರೆ ಮಿಗ್ ಯಂತ್ರ ಗೋಡೆಯ ಪ್ಲಗ್ಗಿನಿಂದ 15-16 ಆಂಪಿಯರ್ ಎಳೆಯುತ್ತದೆ. ಅದೇ ಯಂತ್ರವನ್ನು 200 ಆಂಪಿಯರಿಗೆ ಏರಿಸಿದರೆ 35ರ ಹತ್ತಿರ ಹೋಗುತ್ತದೆ, ಆಗ ಮನೆಯ ಫ್ಯೂಜು ಉಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಬೇಸಿಗೆಯ ಸಂಜೆ ಎಲ್ಲರ ಮನೆಯ ಕೂಲರುಗಳು ಶುರುವಾದ ಮೇಲೆ ವೋಲ್ಟೇಜು ಇಳಿಯುವುದು ಬೇರೆ ಇದೆ. ಹೀಗಾಗಿ ಮೂರು ಫೇಸಿನ ಯಂತ್ರಗಳೂ ಹಳೆಯ ತಾಮ್ರದ ಸುರುಳಿಯ ಭಾರೀ ಪೆಟ್ಟಿಗೆಗಳೂ ಲೆಕ್ಕದಿಂದ ತಾವಾಗಿಯೇ ಹೊರಬಿದ್ದವು.

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಮೊದಲು ತೋರಿಸಿದ್ದು ಬಗಲಿಗೆ ತೂಗುಹಾಕಬಹುದಾದಷ್ಟು ಚಿಕ್ಕ ಇನ್ವರ್ಟರ್, ಅಂದರೆ ಭಾರೀ ಸುರುಳಿಯ ಬದಲು ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ, ಆರ್ಕ್ ಯಂತ್ರ. ಬೆಲೆ ಹತ್ತು ಸಾವಿರದೊಳಗೆ. "ಮನಿ ಕೆಲಸಕ್ಕ ಇದಕ್ಕಿಂತ ಛಲೋದು ಯಾಕ್ ಬೇಕ್ರಿ ಸಾಹೇಬ್ರ? ಗೇಟ್ ಮಾಡ್ರಿ, ಗ್ರಿಲ್ ಮಾಡ್ರಿ, ಎಲ್ಲಾ ಆಗ್ತದ" ಎಂದರು ಅಂಗಡಿಯವರು. ರೇಸ್ ಕಾರಿಗೆ ಎಂದಾಗ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಇಲ್ಲಿ ಎಲ್ಲಿ ಓಡಸ್ತೀರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇಲ್ಲಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗಬೇಕೆಂದರೂ ಒಂದು ಹಗಲು ಒಂದು ರಾತ್ರಿಯ ದಾರಿ.

ಕಡ್ಡಿಯ ವೆಲ್ಡಿಂಗನ್ನು ನಾನು ಹೀಗಳೆಯುವುದಿಲ್ಲ. ಗಾಳಿಯಲ್ಲಿ ನಡೆಯುತ್ತದೆ, ಸಿಲಿಂಡರು ಬೇಡ, ತುಸು ತುಕ್ಕಿದ್ದರೂ ಸಹಿಸುತ್ತದೆ, ಟ್ರೇಲರಿನ ಚೌಕಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ತೆಳು ಪತ್ರಾದ ಮುಂದೆ ಅದು ಸೋಲುತ್ತದೆ. ಅದೇ ಅಂಗಡಿಯಲ್ಲಿ ಅದಕ್ಕಿಂತ ತುಸು ಹೆಚ್ಚಿನ ಬೆಲೆಗೆ 'ಗ್ಯಾಸ್ ಬೇಡದ ಮಿಗ್' ಎಂದು ತೋರಿಸಿದ ಯಂತ್ರದಲ್ಲಿ ಬಳಸುವುದು ಒಳಗೆ ಫ್ಲಕ್ಸ್, ಅಂದರೆ ಕಾದಾಗ ತಾನೇ ರಕ್ಷಣೆಯ ಅನಿಲ ಬಿಡುವ ಪುಡಿ, ತುಂಬಿದ ತಂತಿಯನ್ನು. ಅದಕ್ಕೆ ಟಾರ್ಚನ್ನು, ಅಂದರೆ ತಂತಿ ಹೊರಬರುವ ಕೈಹಿಡಿಯನ್ನು, ಋಣ ತುದಿಗೆ ಜೋಡಿಸಬೇಕು, ಗ್ಯಾಸಿನೊಡನೆ ಬಳಸುವ ಗಟ್ಟಿ ತಂತಿಗೆ ಧನ ತುದಿಗೆ. ಎರಡನ್ನೂ ಅದಲುಬದಲು ಮಾಡಲು ಬಾರದ ಯಂತ್ರವನ್ನು ಕೊಂಡರೆ ಮುಂದೆ ಸಿಲಿಂಡರ್ ತಂದರೂ ಉಪಯೋಗವಿಲ್ಲ. ಆ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿದೆ, ಬದಲಿಸುವ ಏರ್ಪಾಡು ಇರಲಿಲ್ಲ. ಕಡಿಮೆ ದುಡ್ಡಿನವರಿಗೆಂದೇ ಮಾರುವ ಈ ಯಂತ್ರ ಕಡಿಮೆ ದುಡ್ಡಿನವರಿಗೇ ದುಬಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ತಂತಿಯ ಬೆಲೆ ಗಟ್ಟಿ ತಂತಿಗಿಂತ ಬಹಳ ಹೆಚ್ಚು.

ಮಧ್ಯಾಹ್ನದ ಹೊತ್ತಿಗೆ ಹುಮನಾಬಾದ್ ರಸ್ತೆ ಹಿಡಿದು ಕಪನೂರ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಅಲ್ಲಿ ಪರಿಚಯದ ಒಬ್ಬ ಉಸ್ತಾದರ ವರ್ಕ್‌ಶಾಪಿನಲ್ಲಿ ಮೂರೂ ಬಗೆಯ ಯಂತ್ರಗಳಿವೆ. ಅವರು ಮಿಗ್ ಅನ್ನು ಸಿಒಟು ಎನ್ನುತ್ತಾರೆ, ಟಿಗ್ ಅನ್ನು ಆರ್ಗಾನ್ ಎನ್ನುತ್ತಾರೆ. ಕಾರಿನ ತಳದಿಂದ ತುಕ್ಕು ಹಿಡಿದ ಭಾಗವನ್ನು ಕತ್ತರಿಸುವಾಗ ಉಳಿದ ಒಳ್ಳೆಯ ಪತ್ರಾದ ತುಂಡುಗಳು, 3 ಮಿ.ಮೀ. ತಟ್ಟೆಯ ಚೂರುಗಳು, ಪಂಜರದ ಪೈಪಿನ ಗೇಣುದ್ದದ ತುಣುಕುಗಳು ನನ್ನ ಚೀಲದಲ್ಲಿದ್ದವು. ಪ್ರತಿ ಯಂತ್ರದಲ್ಲೂ ಒಂದೊಂದು ಜೋಡಿಯನ್ನು ಬೆಸೆದು ಕೊಡಿ, ಆಮೇಲೆ ಮುರಿದು ನೋಡೋಣ ಎಂದು ಕೇಳಿಕೊಂಡೆ. ಮುರಿಯಲೆಂದೇ ಕೆಲಸ ಮಾಡಿಸುವ ಗಿರಾಕಿ ಅವರಿಗೆ ಹೊಸಬ. ಚಹಾ ತರಿಸಿ ಒಪ್ಪಿಕೊಂಡರು.

ಕಡ್ಡಿಯಲ್ಲಿ ಅವರು ಬಳಸಿದ್ದು ಇದ್ದುದರಲ್ಲೇ ಸಣ್ಣದಾದ 2 ಮಿ.ಮೀ.ಯದು. ಚುಕ್ಕೆ ಚುಕ್ಕೆಯಾಗಿ, ನಡುವೆ ತಣಿಯಲು ಬಿಟ್ಟು ಮಾಡಿದರೂ ತಟ್ಟೆಯ ಎರಡು ಮೂಲೆಗಳಲ್ಲಿ ಪತ್ರಾ ಕರಗಿ ತೂತಾಯಿತು. ಅವರಂಥ ಕೈಯಲ್ಲೇ ಹೀಗಾದರೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಟಿಗ್‌ನಲ್ಲಿ ಬೆಸುಗೆ ನೋಡಲು ಬಹಳ ಸುಂದರವಾಗಿ ಬಂತು. ಆದರೆ ಪತ್ರಾದ ಸಂದಿಯಲ್ಲಿ ಉಳಿದಿದ್ದ ಹಳೆಯ ಬಣ್ಣ, ಟಾರಿನ ಅಂಶ ಕುದಿದು ಮೇಲೆದ್ದು ಟಂಗ್‌ಸ್ಟನ್ ಕಡ್ಡಿಯ ತುದಿಯನ್ನು ಮತ್ತೆ ಮತ್ತೆ ಕೆಡಿಸಿತು. ಪ್ರತಿ ಸಲವೂ ನಿಲ್ಲಿಸಿ ಗ್ರೈಂಡರಿನಲ್ಲಿ ಮಸೆಯಬೇಕಾಯಿತು. ಟಿಗ್‌ಗೆ ಹೊಳೆಯುವಷ್ಟು ಶುಚಿಯಾದ ಲೋಹ ಬೇಕು, ಸಂದಿಯಿಲ್ಲದ ಜೋಡಣೆ ಬೇಕು, ಎರಡೂ ಕೈಗಳಿಗೆ ಬಿಡುವಿರುವುದಿಲ್ಲ. ಕಾರಿನ ಕೆಳಗೆ ಅಂಗಾತ ಮಲಗಿ, ಮೂವತ್ತು ವರ್ಷದ ಪತ್ರಾದ ಮೇಲೆ ಇದನ್ನೆಲ್ಲ ಪಾಲಿಸುವುದು ಮನೆಯಲ್ಲಿ ಕಲಿಯುವವನಿಗೆ ಆಗುವ ಮಾತಲ್ಲ.

ಮಿಗ್‌ನಲ್ಲಿ 0.8 ಮಿ.ಮೀ. ತಂತಿ ಹಾಕಿ, ಕಿಡಿಯನ್ನು ದಪ್ಪ ತಟ್ಟೆಯ ಮೇಲೆ ಎಬ್ಬಿಸಿ, ಕರಗಿದ ಲೋಹವನ್ನು ಒಂದು ಕ್ಷಣ ಮಾತ್ರ ಪತ್ರಾದ ಕಡೆ ಸರಿಸಿ ಹಿಂದಕ್ಕೆ ತಂದರು. ತೂತು ಬೀಳಲಿಲ್ಲ. ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸಿದಾಗ ಪತ್ರಾ ಬೆಸುಗೆಯ ಪಕ್ಕದಲ್ಲಿ ಹರಿಯಿತು, ಬೆಸುಗೆ ತಟ್ಟೆಯನ್ನು ಬಿಡಲಿಲ್ಲ. ನನಗೆ ಬೇಕಾಗಿದ್ದ ಉತ್ತರ ಇದೇ. ಅಷ್ಟಕ್ಕೆ ಮುಗಿಸಿ ಹೊರಟಿದ್ದರೆ ಅರ್ಧ ಸತ್ಯವನ್ನು ಮಾತ್ರ ಒಯ್ಯುತ್ತಿದ್ದೆ. ಉಸ್ತಾದರು "ಇನ್ನೊಂದು ತೋರಸ್ತೀನಿ, ಕೂಡ್ರಿ" ಎಂದು ವೋಲ್ಟೇಜಿನ ಗುಂಡಿಯನ್ನು ಬೇಕೆಂದೇ ಇಳಿಸಿ ಎರಡು ಪೈಪಿನ ತುಣುಕುಗಳನ್ನು ಕೂಡಿಸಿದರು. ಮೇಲಿನಿಂದ ನೋಡಿದರೆ ಸಾಲು ನೇರವಾಗಿ, ಒಪ್ಪವಾಗಿ ಇತ್ತು. ಸುತ್ತಿಗೆಯ ಪೆಟ್ಟಿಗೆ ಆ ಸಾಲು ಒಂದು ಪೈಪಿನ ಮೈಯಿಂದ ಇಡಿಯಾಗಿ ಕಳಚಿಕೊಂಡಿತು. ಕೆಳಗಿನ ಉಕ್ಕಿನಲ್ಲಿ ಗ್ರೈಂಡರಿನ ಗೀರುಗಳು ಹಾಗೆಯೇ ಉಳಿದಿದ್ದವು.

"ಕಡ್ಡಿ ಕೆಟ್ಟರ ಕೆಟ್ಟದ್ದೇ ಕಾಣ್ತದ ನೋಡ್ರಿ. ಇದು ಹಂಗಲ್ಲ. ಮ್ಯಾಲ ಛಂದ ಇರ್ತದ, ಒಳಗ ಹಿಡದಿರಂಗಿಲ್ಲ" ಎಂದರು ಉಸ್ತಾದರು.

ಮಿಗ್ ಕಲಿಯುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಹಿಡಿಯದ ಬೆಸುಗೆಯನ್ನು ಮರೆಮಾಚುವುದೂ ಅದಕ್ಕೆ ಅಷ್ಟೇ ಸುಲಭ ಎಂಬುದನ್ನು ಯಾರೂ ಹೇಳಿರಲಿಲ್ಲ. ಜೀವ ಕಾಯುವ ಪಂಜರದಲ್ಲಿ ಅಂಥ ಒಂದು ಕೀಲು ಇದ್ದರೂ ಉಳಿದ ಕೀಲುಗಳ ಗಟ್ಟಿತನಕ್ಕೆ ಅರ್ಥವಿಲ್ಲ. ಆದ್ದರಿಂದ ಅಲ್ಲಿಯೇ ಅವರೊಡನೆ ಮಾತಾಡಿ ಗೊತ್ತುಮಾಡಿಕೊಂಡೆ: ಪತ್ರಾದ ಕೆಲಸ, ಬ್ರಾಕೆಟ್ಟುಗಳು, ಸೀಟಿನ ಚೌಕಟ್ಟು ನನ್ನವು, ಪಂಜರದ ಪೈಪುಗಳನ್ನು ಅಳತೆಗೆ ಕತ್ತರಿಸಿ ಚುಕ್ಕೆ ಹಾಕಿ ನಿಲ್ಲಿಸುವವರೆಗೂ ನನ್ನದು, ಪೂರ್ತಿ ಬೆಸುಗೆ ಮಾತ್ರ ಅವರು ನಮ್ಮ ಮನೆಗೆ ಬಂದು, ನನ್ನ ಯಂತ್ರದಲ್ಲೇ ಹಾಕಿಕೊಡುವುದು.

ಗ್ಯಾಸಿನ ವಿಷಯದಲ್ಲಿ ಎರಡು ದಾರಿಗಳಿದ್ದವು. ಬರೀ ಇಂಗಾಲದ ಡೈಆಕ್ಸೈಡ್ ಅಗ್ಗ, ಆಳಕ್ಕೆ ಇಳಿಯುತ್ತದೆ, ಆದರೆ ಕಿಡಿ ಹೆಚ್ಚು ಸಿಡಿಯುತ್ತದೆ. ಆರ್ಗಾನ್‌ನೊಡನೆ ಅದನ್ನು ಐದರಲ್ಲೊಂದು ಪಾಲು ಬೆರೆಸಿದ ಮಿಶ್ರಣ ತೆಳು ಪತ್ರಾದ ಮೇಲೆ ಮೆತ್ತಗೆ ನಡೆಯುತ್ತದೆ, ಬೆಲೆ ಹೆಚ್ಚು. ಬರೀ ಆರ್ಗಾನ್ ಉಕ್ಕಿನ ಮಿಗ್‌ಗೆ ಒಗ್ಗುವುದಿಲ್ಲ. ಯಾವುದನ್ನು ತುಂಬಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲವೋ ಅದೇ ಸರಿ ಎಂದು ನಾನು ಬರೀ ಇಂಗಾಲದ ಡೈಆಕ್ಸೈಡನ್ನೇ ಒಪ್ಪಿಕೊಂಡೆ. ನಮ್ಮ ಊರಿನ ಬಿಸಿಲಿಗೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಸಿಲಿಂಡರಿನೊಳಗೆ ಈ ಅನಿಲ ದ್ರವವಾಗಿರುತ್ತದೆ, ದ್ರವ ಮುಗಿಯುವವರೆಗೆ ಗೇಜಿನ ಮುಳ್ಳು ಅಲುಗುವುದಿಲ್ಲ, ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ನೋಡಬೇಕು. ಮೇಲಾಗಿ 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಏರುತ್ತ ಹೋಗುತ್ತದೆ. ಸಿಲಿಂಡರನ್ನು ಅಂಗಳದ ಬಿಸಿಲಿನಲ್ಲಿ ಬಿಡದೆ ನೆರಳಿನಲ್ಲಿ ಸರಪಳಿ ಹಾಕಿ ನಿಲ್ಲಿಸಬೇಕಾದದ್ದು ಇದಕ್ಕೇ.

ಬಿಸಿಲಿನ ಮಾತು ಯಂತ್ರಕ್ಕೂ ಸಲ್ಲುತ್ತದೆ. ಯಂತ್ರದ ಬೆನ್ನಿನ ಮೇಲೆ '200 ಆಂಪಿಯರ್, ಶೇ. 60' ಎಂದಿದ್ದರೆ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಆ ಶಕ್ತಿಯಲ್ಲಿ ನಡೆಯಬಹುದು, ಉಳಿದ ನಾಲ್ಕು ನಿಮಿಷ ತಣಿಯಬೇಕು ಎಂದರ್ಥ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಅಂಕಿಯನ್ನು ಕೊಡುವುದು 40 ಡಿಗ್ರಿಯ ಗಾಳಿಗೆ. ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ಡು 40ಕ್ಕೆ ನಿಲ್ಲುವುದಿಲ್ಲ. ನನಗೆ 120 ಆಂಪಿಯರ್ ಸಾಕಾಗಿದ್ದರೂ 200ರ ಯಂತ್ರವನ್ನೇ ಆರಿಸಿದ್ದರ ಕಾರಣ ಇದು. ಹೆಚ್ಚಿನ ಶಕ್ತಿ ಬೇಕೆಂದಲ್ಲ, ಅರ್ಧ ಭಾರದಲ್ಲಿ ದುಡಿದು ತಂಪಾಗಿರಲಿ ಎಂದು.

ಸಿಕಂದರಾಬಾದಿನ ರಾಣಿಗಂಜ್‌ನಿಂದ ತಂದರೆ ಕೆಲವು ಸಾವಿರ ಉಳಿಯುತ್ತದೆ ಎಂದವರಿದ್ದರು. ಉಳಿಯಬಹುದು. ಆದರೆ ಇನ್ವರ್ಟರ್ ಯಂತ್ರದ ಬೋರ್ಡು ಸುಟ್ಟ ದಿನ ಅದನ್ನು ಹೊತ್ತುಕೊಂಡು ಅಷ್ಟು ದೂರ ಹೋಗುವ ಬದಲು, ಊರಲ್ಲೇ ಬಿಚ್ಚಿ ಸರಿಮಾಡುವವರಿರುವ ಕಂಪನಿಯ ಯಂತ್ರ ಸಾಕೆಂದು ಕಪನೂರಿನಲ್ಲಿ ಓಡುತ್ತಿರುವ ಮಾದರಿಯನ್ನೇ ಕೊಂಡೆ. ಸಿಂಗಲ್ ಫೇಸ್, ವೋಲ್ಟೇಜು ಮತ್ತು ತಂತಿಯ ವೇಗಕ್ಕೆ ಬೇರೆ ಬೇರೆ ಗುಂಡಿ, ತುದಿ ಬದಲಿಸುವ ಏರ್ಪಾಡು, ಬೇಕಾದಾಗ ಕಡ್ಡಿಯಲ್ಲೂ ನಡೆಯುವ ಸೌಲಭ್ಯ; ಇಷ್ಟಿದ್ದರೆ ಸಾಕು. ತೆರಿಗೆಯೂ ಸೇರಿ 28 ಸಾವಿರವಾಯಿತು. ಉಳಿದದ್ದರಲ್ಲಿ ಸಿಲಿಂಡರಿನ ಡಿಪಾಜಿಟ್, ಹೀಟರ್ ಇರುವ ರೆಗ್ಯುಲೇಟರ್, ತಾನಾಗಿ ಕಪ್ಪಾಗುವ ಹೆಲ್ಮೆಟ್, ಚರ್ಮದ ಕೈಗವಸು, ಬೆಂಕಿ ಆರಿಸುವ ಸಿಲಿಂಡರ್ ಬಂದವು. ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಶೆಡ್ಡಿನ ಹೊರಗೆ ಇಡದೆ, ಬ್ಯಾಟರಿಯ ತಂತಿ ಕಳಚದೆ ಕಿಡಿ ಹಚ್ಚುವುದಿಲ್ಲ. ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹಕ್ಕೂ ಕಿಡಿ ತಾಗಿಸಬಾರದು. ಕ್ಲೋರಿನ್ ಇರುವ ಕ್ಲೀನರು ಕಿಡಿಯ ಬಳಿ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ನಮ್ಮ ವೈರಮನ್ ಕಾಕಾ ಮೀಟರ್ ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನು ಎಳೆದು, ಎಂಸಿಬಿ ಕೂಡಿಸಿ, ಅರ್ಥಿಂಗ್ ಪರೀಕ್ಷಿಸಿ ಕೊಟ್ಟರು. ಶೆಡ್ಡಿನ ಶಹಾಬಾದ್ ಫರಸಿಯ ಮೇಲೆ ಪಂಜರದ ಪೂರ್ಣ ಅಳತೆಯ ನಕ್ಷೆಯನ್ನು ಸೀಮೆಸುಣ್ಣದಲ್ಲಿ ಬರೆದು, ಬಗ್ಗಿಸಿ ತಂದ ಕಮಾನನ್ನು ಅದರ ಮೇಲೆ ಮಲಗಿಸಿ ತಾಳೆ ನೋಡಿದ್ದೂ ಆಗಿದೆ. ಈಗ ಹಳೆಯ ಪತ್ರಾದ ಚೂರುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದೇನೆ, ಹಾಕಿದ ಪ್ರತಿ ಬೆಸುಗೆಯನ್ನೂ ಮುರಿದೇ ನೋಡುತ್ತೇನೆ. ಅಲ್ಯೂಮಿನಿಯಂನ ನೀರಿನ ಟ್ಯಾಂಕ್ ಒಂದೇ ನನ್ನ ಯಂತ್ರದಿಂದ ಆಗದ ಕೆಲಸ. ಅದಕ್ಕೆ ಎಸಿ, ಅಂದರೆ ದಿಕ್ಕು ಬದಲಿಸುತ್ತಿರುವ ಕರೆಂಟಿನ, ಟಿಗ್ ಬೇಕು. ತಗಡನ್ನು ಕತ್ತರಿಸಿ ಮಡಚಿ ಕಪನೂರಕ್ಕೆ ಕೊಟ್ಟಿದ್ದೇನೆ, ಬರುವ ವಾರ ಸಿಗುತ್ತದೆ.